ಪಾಲಾಗದ ತಂತಿ

ನಮ್ಮ ಮನೆಯಲ್ಲಿ ಯಾವ ಸ್ವಿಚ್ಚು ಒತ್ತಿದರೆ ಯಾವ ದೀಪ ಹತ್ತುತ್ತದೆ ಎಂಬುದು ಪೂರ್ತಿ ಗೊತ್ತಿದ್ದವರು ಅಜ್ಜಿ ಒಬ್ಬರೇ. ನಡುಮನೆಯ ಫ್ಯಾನಿನ ಸ್ವಿಚ್ಚು ಉಗ್ರಾಣದಲ್ಲಿ, ಬಚ್ಚಲಿನ ದೀಪದ್ದು ಅಡುಗೆಮನೆಯ ಬಾಗಿಲ ಹಿಂದೆ. ಕಂಬದ ಪಕ್ಕದ ಹಿತ್ತಾಳೆ ಸ್ವಿಚ್ಚು ಯಾವುದಕ್ಕೆಂದು ಕೇಳಿದರೆ "ಅದನ್ನು ಮುಟ್ಟಬಾರದು" ಎಂದಷ್ಟೇ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಡವೆ, ಪಾತ್ರೆಗಳ ಪಟ್ಟಿ ಸಿಕ್ಕಿತು. ಸ್ವಿಚ್ಚುಗಳ ಪಟ್ಟಿ ಸಿಗಲಿಲ್ಲ.

ಮೈಸೂರಿನ ಅಗ್ರಹಾರದ ಹೆಂಚಿನ ಮನೆ ನಮ್ಮದು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹೋಗಿ, ಅರಮನೆಯಿರುವ ಊರಿಗೆ ಬಂದದ್ದು 1908ರಲ್ಲಿ ಎಂಬ ಕಾರಣಕ್ಕೆ ತಾತ ಕೊನೆಯವರೆಗೂ ಮುನಿಸಿಕೊಂಡಿದ್ದರು. ನಮ್ಮ ಮನೆಗೆ ಅದು ಬಂದದ್ದು ಇನ್ನೂ ಎಷ್ಟೋ ಕಾಲದ ಮೇಲೆ. ತೇಗದ ಪಟ್ಟಿಯ ಮೇಲೆ ರಬ್ಬರ್ ಹೊದಿಕೆಯ ತಂತಿ, ಕೋಣೆಗೊಂದು ಬಲ್ಬು, ಒಂದು ರೇಡಿಯೋ, ಎಲ್ಲಕ್ಕೂ ಸೇರಿ 5 ಆಂಪಿಯರಿನ ಫ್ಯೂಸು. ಮುಂದಿನವರು ಅದೇ ತಂತಿಗೆ ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳನ್ನು ಹೇರಿ, ಕೊನೆಗೆ 2000 ವ್ಯಾಟಿನ ಗೀಸರನ್ನೂ ಏರಿಸಿದರು. ಗೀಸರ್ ಒಂದೇ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತದೆ. ದಿನ ಬೆಳಗಾದರೆ ಫ್ಯೂಸ್ ಹೋಗತೊಡಗಿತು.

ಅಪ್ಪ ಹಳೆಯ ಕೇಬಲ್ಲೊಂದನ್ನು ಸುಲಿದು, ತಾಮ್ರದ ಎಳೆಗಳನ್ನು ಹೊಸೆದು ಫ್ಯೂಸಿಗೆ ಕಟ್ಟಿದರು. ಆಮೇಲೆ ಅದು ಹೋದದ್ದೇ ಇಲ್ಲ. ಅಪ್ಪ ಬಂದವರಿಗೆಲ್ಲ ತೋರಿಸಿ ಬೀಗಿದರು. ಆದರೆ ತಾನು ಮೊದಲು ಕರಗಿ ಗೋಡೆಯ ತಂತಿಯನ್ನು ಉಳಿಸುವುದೇ ಫ್ಯೂಸಿನ ಕೆಲಸ. ಅದು ಕರಗಲು ಒಪ್ಪದಿದ್ದರೆ ಸರದಿ ತಂತಿಗೆ ಬರುತ್ತದೆ. ಕಾವೇರಿದ ಸ್ವಿಚ್ಚು, ಪ್ಲಗ್ಗುಗಳು ಕೆಲವೊಮ್ಮೆ ಮೀನಿನ ವಾಸನೆ ಬಿಡುವುದುಂಟು. ಹೀಗಾಗಿ ಅಪಾಯದ ಮುನ್ಸೂಚನೆ ಮೊದಲು ತಲುಪಿದ್ದು ಅಗ್ರಹಾರದ ಹಿರಿಯರಿಗೆ. ಏಕಾದಶಿಯ ದಿನ ನಮ್ಮ ಮನೆಯಿಂದ ಮೀನು ಹುರಿಯುವ ವಾಸನೆ ಬರುತ್ತಿದೆ ಎಂದು ಅವರು ಪಂಚೆ ಎತ್ತಿಕೊಂಡು ವಿಚಾರಣೆಗೇ ಬಂದರು. ಅಪರಾಧಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಎಂದರೆ ಯಾರೂ ನಂಬಲಿಲ್ಲ.

ಫ್ರಿಜ್ಜಿನದು ಇನ್ನೊಂದು ಕತೆ. ಮನೆಯಲ್ಲಿದ್ದುದೆಲ್ಲ ಎರಡು ಪಿನ್ನಿನ ಸಾಕೆಟ್ಟುಗಳಾದ್ದರಿಂದ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅದರ ಅರ್ಥಿಂಗ್ ಪಿನ್ನಿಗೆ ಎಲ್ಲೂ ಜಾಗವಿರಲಿಲ್ಲ. ಬಾಗಿಲಿಗೆ ಕೈ ಹಾಕಿದರೆ ಜುಂ ಎನ್ನುತ್ತಿತ್ತು. ಚಪ್ಪಲಿ ಹಾಕಿಕೊಂಡು ತೆರೆಯಬಹುದಿತ್ತು, ಆದರೆ ಅಮ್ಮನ ಅಡುಗೆಮನೆಗೆ ಚಪ್ಪಲಿ ಬರುವಂತಿಲ್ಲ. ಫ್ರಿಜ್ಜಿನ ಮುಂದೆ ಊಟದ ಮಣೆ ಹಾಕಿಟ್ಟರು. ಮೊಸರು ಬೇಕಾದವರು ಮಣೆ ಏರಬೇಕು. ಮದುವೆಯಾದ ಹೊಸತರಲ್ಲಿ ಭಾವ "ಇನ್ನೊಂದು ಸಲ ಮಣೆ ಏರಿಸುತ್ತೀರಾ ಅತ್ತೆ?" ಎಂದು ನಗುತ್ತಲೇ ಏರಿದರು, ಒಂದು ಕಾಲನ್ನು ನೆಲದ ಮೇಲೇ ಬಿಟ್ಟು. ವೈರಿಂಗ್ ಬದಲಿಸುವ ನಿರ್ಧಾರ ಅಂದೇ ಆಯಿತು. ಮನೆಯವರಿಗೆ ವರ್ಷಗಟ್ಟಲೆ ಹೊಡೆದ ಶಾಕು ಲೆಕ್ಕಕ್ಕಿರಲಿಲ್ಲ, ಅಳಿಯನಿಗೆ ಹೊಡೆದದ್ದು ಮರ್ಯಾದೆಯ ಪ್ರಶ್ನೆ.

ಬಂದ ಎಲೆಕ್ಟ್ರಿಷಿಯನ್ ಹಳೆಯ ತಂತಿಯನ್ನು ಬೆರಳಿನಿಂದ ಬಾಗಿಸಿದರು. ರಬ್ಬರು ಪುಡಿಯಾಗಿ ಉದುರಿ ಒಳಗಿನ ತಾಮ್ರ ಕಾಣಿಸಿತು. "ಇಷ್ಟು ದಿನ ನಿಮ್ಮನ್ನು ಕಾಪಾಡಿದ್ದು ದೇವರೇ ಸಾರ್, ಇನ್ನು ಮೇಲೆ ಎಂಸಿಬಿ ಕಾಪಾಡಲಿ" ಎಂದು, ಫ್ಯೂಸಿನ ಜಾಗದಲ್ಲಿ ಹೊರೆ ಹೆಚ್ಚಾದರೆ ತಾನೇ ಬೀಳುವ ಆ ಸ್ವಿಚ್ಚನ್ನು ಕೂರಿಸಿದರು. ಹಿತ್ತಲಲ್ಲಿ ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಮಾಡಿದರು. ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು ಎಂದರು. ಅಮ್ಮ ತುಳಸಿಗೆ ಎರೆದ ಮೇಲೆ ಅದಕ್ಕೂ ಒಂದು ಚೊಂಬು ಎರೆಯತೊಡಗಿದರು.

ಎಲ್ಲಕ್ಕಿಂತ ದುಬಾರಿಯ ವಸ್ತು ಆರ್‌ಸಿಸಿಬಿ. ಎಂಸಿಬಿ ತಂತಿಯ ಮೇಲಿನ ಹೊರೆಯನ್ನೂ ಶಾರ್ಟ್ ಸರ್ಕ್ಯೂಟನ್ನೂ ನೋಡಿಕೊಂಡರೆ ಇದು ಮನುಷ್ಯರನ್ನು ನೋಡಿಕೊಳ್ಳುತ್ತದಂತೆ. ಇದರ ರೀತಿ ಹಳೆಯ ಕಾಲದ ಶಾನುಭೋಗರದ್ದು: ಕರೆಂಟು ತರುವ ಫೇಸ್ ತಂತಿಯಲ್ಲಿ ಹೋದದ್ದಷ್ಟೂ ಅದನ್ನು ಹಿಂದಕ್ಕೊಯ್ಯುವ ನ್ಯೂಟ್ರಲ್ ತಂತಿಯಲ್ಲಿ ಮರಳಿ ಬರಬೇಕು. 30 ಮಿಲಿಆಂಪಿಯರ್, ಅಂದರೆ ದೇವರ ಮನೆಯ 7 ವ್ಯಾಟಿನ ಬಲ್ಬು ಎಳೆಯುವಷ್ಟು, ಲೆಕ್ಕ ತಪ್ಪಿದರೂ ಯಾರ ಮೈಯಿಂದಲೋ ಸೋರುತ್ತಿದೆ ಎಂದು ತೀರ್ಮಾನಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮನೆಯ ಕರೆಂಟು ಕಡಿದುಹಾಕುತ್ತದೆ.

ಕಡಿದೇ ಕಡಿಯಿತು. ಹಗಲೆಲ್ಲ ಸುಮ್ಮನಿದ್ದು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಟಕ್ಕೆಂದು ಬೀಳುತ್ತಿತ್ತು. ಮೇಲೆತ್ತಿದರೆ ಮತ್ತೆ ಟಕ್. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಏನೂ ಆಗದಂತೆ ನಿಲ್ಲುತ್ತಿತ್ತು. ಗೀಸರ್ ಬಿಚ್ಚಿಸಿದೆವು, ಫ್ರಿಜ್ಜಿನ ಪ್ಲಗ್ಗು ಕಿತ್ತೆವು, ಗ್ರೈಂಡರನ್ನು ಬಿಸಿಲಿಗಿಟ್ಟೆವು. ಮುಸ್ಸಂಜೆಯಲ್ಲಿ ಮನೆ ಕತ್ತಲಾಗುವುದು ಒಳ್ಳೆಯದಲ್ಲವೆಂದು ಅಮ್ಮ ಪುರೋಹಿತರನ್ನೂ ವಿಚಾರಿಸಿದರು. ಗೋಡೆಯಾಚೆಯ ಅರ್ಧ ಮನೆಯಲ್ಲಿರುವ ಚಿಕ್ಕಪ್ಪ ಬಂದು, "ಇದ್ದದ್ದು ಚೆನ್ನಾಗಿತ್ತು, ದುಡ್ಡು ಕೊಟ್ಟು ಕತ್ತಲೆ ತಂದಿರಿ. ನಿಮ್ಮ ಕೆಲಸ ಶುರುವಾದ ಮೇಲೆ ನಮ್ಮ ಜಗಲಿಯ ದೀಪವೂ ಹತ್ತುತ್ತಿಲ್ಲ. ನಿಮ್ಮ ಚಿಕ್ಕಮ್ಮ ದಿನಾ ಸಂಜೆ ಬಲ್ಬು ಬದಲಿಸಿ, ಸ್ವಿಚ್ಚು ಹಾಕಿ ಆರಿಸಿ ಸಾಕಾದಳು" ಎಂದರು.

ಎಲೆಕ್ಟ್ರಿಷಿಯನ್ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು ಅಟ್ಟ ಹತ್ತಿದರು.

ಅಪ್ಪ, ಚಿಕ್ಕಪ್ಪ ಹಿಸ್ಸೆಯಾದಾಗ ಕಂಚಿನ ಪಾತ್ರೆಗಳನ್ನು ತೂಗಿ ಹಂಚಿಕೊಂಡಿದ್ದರು, ತೆಂಗಿನ ಮರಗಳಿಗೆ ನಂಬರು ಹಾಕಿದ್ದರು, ಮೀಟರು ಎರಡಾಗಿತ್ತು. ಅಟ್ಟದ ಮೇಲಿನ ತಂತಿಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಅಂದಿನ ಮೇಸ್ತ್ರಿ ಜಗಲಿ ದೀಪದ ನ್ಯೂಟ್ರಲನ್ನು ಚಿಕ್ಕಪ್ಪನ ಕಡೆಗೆ ಸೇರಿಸಿ, ಫೇಸನ್ನು ನಮ್ಮಲ್ಲೇ ಉಳಿಸಿದ್ದರು. ಚಿಕ್ಕಮ್ಮ ಸ್ವಿಚ್ಚು ಹಾಕಿದಾಗಲೆಲ್ಲ ನಮ್ಮ ಮನೆಯಿಂದ ಹೊರಟ ಕರೆಂಟು ನಮ್ಮಲ್ಲಿಗೆ ಮರಳದೆ ಅವರ ಮನೆಯಿಂದ ಹೋಗುತ್ತಿತ್ತು, ನಮ್ಮ ಶಾನುಭೋಗರ ಲೆಕ್ಕ ತಪ್ಪುತ್ತಿತ್ತು.

ಚಿಕ್ಕಪ್ಪ ರೆವಿನ್ಯೂ ಇಲಾಖೆಯಲ್ಲಿ ನಿವೃತ್ತರಾದವರು. ತಕ್ಷಣ ಕನ್ನಡಕ ಸರಿಮಾಡಿಕೊಂಡು, "ನಿಮ್ಮ ಕರೆಂಟು ನಮ್ಮ ಹಿಸ್ಸೆಯ ಮೇಲೆ ಇಷ್ಟು ವರ್ಷ ಓಡಾಡಿದೆ ಎಂದರೆ ಅದಕ್ಕೊಂದು ದಾರಿ ಹಕ್ಕು ಅಂತ ಬರುತ್ತದೆ" ಎಂದು ಆರಂಭಿಸಿದರು.

"ಫೇಸ್ ನಿಮ್ಮ ಅಣ್ಣನವರದು ಸಾರ್" ಎಂದು ಅಟ್ಟದಿಂದ ದನಿ ಬಂತು. "ನಿಮ್ಮ ಜಗಲಿ ದೀಪದ ಬಿಲ್ಲು ಇಷ್ಟು ವರ್ಷ ಕಟ್ಟಿದ್ದು ಅವರು."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. ಅಮ್ಮ ಕಾಫಿಗೆ ಇನ್ನಷ್ಟು ಸಕ್ಕರೆ ಬೇಕೇ ಎಂದು ಬಹಳ ಪ್ರೀತಿಯಿಂದ ಕೇಳಿದರು. ಆಮೇಲೆ ಚಿಕ್ಕಪ್ಪ ತಮ್ಮ ಕಡೆಗೂ ಹೊಸ ವೈರಿಂಗು, ಅರ್ಥಿಂಗು, ಆರ್‌ಸಿಸಿಬಿ ಎಲ್ಲ ಆಗಲಿ ಎಂದು ಒಪ್ಪಿದರು. ಖರ್ಚಿನ ಮಾತು ಬಂದಾಗ ಮಾತ್ರ ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಎಲೆಕ್ಟ್ರಿಷಿಯನ್ ಮುಖ ನೋಡಿ, "ನಮ್ಮದು ಅವಿಭಕ್ತ ಕುಟುಂಬ. ಎರಡು ಮನೆಯ ರೇಟು ಹಾಕಬೇಡಿ" ಎಂದರು.