ವಿಡಿಯೋ ಜೊತೆ ಒಂದು ಅರ್ಜಿನೂ ಹಾಕಿ

ಹುಡುಗರು ಇನ್‌ಸ್ಟಾಗ್ರಾಮ್‌ನಲ್ಲಿ ವಿಡಿಯೋ ಹಾಕಿದ್ದಕ್ಕೇ ಕಲಬುರಗಿಯಲ್ಲಿ ರಸ್ತೆ ಗುಂಡಿ ಮುಚ್ಚಿದರು, ಇನ್ನು ಕಚೇರಿಗೆ ಅಲೆಯೋ ಕಾಲ ಮುಗೀತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಮೊದಲ ಮಾತು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲ್ಲ. ನಮ್ಮ ಓಣಿಯಲ್ಲೂ ವಿಡಿಯೋ ಓಡಾಡಿದ ಮೇಲೆ ಟ್ರ್ಯಾಕ್ಟರ್‌ನಲ್ಲಿ ಮುರುಮ್ (ಗರಸು ಮಣ್ಣು) ತಂದು ಸುರಿದು ಹೋದರು. ಮಳೆ ಬಿದ್ದ ಕೂಡಲೇ ಅದೆಲ್ಲ ಕೊಚ್ಚಿಕೊಂಡು ಹೋಗಿ ಚರಂಡಿ ಸೇರಿತು, ಗುಂಡಿ ಮೊದಲಿಗಿಂತ ಅಗಲ ಆಯ್ತು.

ನಮ್ಮದು ಎರೆ ನೆಲ. ನೀರು ಕುಡಿದರೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ತಳ ಗಟ್ಟಿ ಮಾಡದೆ, ನೀರು ಹೋಗೋಕೆ ದಾರಿ ಬಿಡದೆ ಮೇಲೆ ಏನು ಹಾಕಿದರೂ ನಿಲ್ಲಲ್ಲ. ಈ ಕೆಲಸಕ್ಕೆ ದುಡ್ಡು ಇಟ್ಟಿದ್ದಾರೋ ಇಲ್ಲವೋ ಅನ್ನೋದು ವಿಡಿಯೋದಲ್ಲಿ ಕಾಣಲ್ಲ, ಎಸ್ಟಿಮೇಟ್‌ನಲ್ಲಿ ಕಾಣುತ್ತೆ. ಆ ಕಾಗದ ಕೇಳೋಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ: 10 ರೂಪಾಯಿ ಶುಲ್ಕ, 150 ಪದದೊಳಗೆ ಅರ್ಜಿ, 30 ದಿನದಲ್ಲಿ ಉತ್ತರ. ಗುತ್ತಿಗೆದಾರರು ಎಷ್ಟು ವರ್ಷ ತಮ್ಮ ಖರ್ಚಲ್ಲೇ ರಿಪೇರಿ ಮಾಡಿಕೊಡಬೇಕು ಅನ್ನೋ ಕರಾರನ್ನೂ ಜೊತೆಗೇ ಕೇಳಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಅಂತಲೇ ಅನುದಾನ ಇಡ್ತಾರೆ, ಅಲ್ವಾ? ಲೆಕ್ಕ ಕೇಳೋ ಹಕ್ಕು ನಮ್ಮದೇ. ಹುಡುಗರೇ, ಬಂದ ಉತ್ತರವನ್ನೇ ಮುಂದಿನ ರೀಲ್‌ನಲ್ಲಿ ಓದಿ ಹೇಳಿ.