ದಾಖಲೆ ಇಟ್ಟರೆ ಸಾಕೆ?

ಚರ್ಮದ ಚೀಲ ತಯಾರಿಸುವ ಚಿಕ್ಕ ಕಂಪನಿಯೊಂದಕ್ಕಾಗಿ ಜರ್ಮನಿಯಲ್ಲಿ ಕೆಲಸ ಮಾಡುತ್ತೇನೆ. ಆನ್‌ಲೈನ್ ಮಾರಾಟ ತಾಣಗಳಲ್ಲಿ ನಮ್ಮ ಹೆಸರು ಹೊತ್ತ ನಕಲಿ ಮಾಲು ಹುಡುಕಿ ದೂರು ಕೊಡುವುದು ನನ್ನ ಪಾಲಿನ ಕೆಲಸ. ದೂರು ಕೊಟ್ಟರೆ ತೆಗೆಯುತ್ತಾರೆ. ವಾರ ಕಳೆಯುವಷ್ಟರಲ್ಲಿ ಅದೇ ಫೋಟೊ, ಅದೇ ವಿವರ, ಬೇರೆ ಅಂಗಡಿಯ ಹೆಸರಿನಲ್ಲಿ ಮತ್ತೆ ಹಾಜರು. ಫೋಟೊ ನಾವು ತೆಗೆಸಿದ್ದು, ಚೀಲ ನಮ್ಮದಲ್ಲ. ಹೊಲಿಗೆ ಬಿಚ್ಚಿದಾಗ ಬೈಗುಳದ ಇಮೇಲ್ ಬರುವುದು ಮಾತ್ರ ನಮಗೇ.

ಈ ಕಾವಲು ಯಾರ ಹೆಗಲಿಗೆ? ಆಭರಣ ಕಂಪನಿ ಟಿಫನಿ, ಆನ್‌ಲೈನ್ ಮಾರಾಟ ತಾಣ ಇಬೇ ಮೇಲೆ ಹೂಡಿದ್ದ ದಾವೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2010ರಲ್ಲಿ, ತಾಣದಲ್ಲಿ ನಕಲಿ ಇದೆಯೆಂಬ ಸಾಮಾನ್ಯ ತಿಳಿವಳಿಕೆ ಸಾಲದು, ಯಾವ ಮಾಲು ನಕಲಿಯೆಂದು ನಿರ್ದಿಷ್ಟವಾಗಿ ಗೊತ್ತಿದ್ದರಷ್ಟೇ ಹೊಣೆ ಎಂದಿತು. ಹೀಗಾಗಿ ಹುಡುಕುವ ಹೊರೆ ಬ್ರ್ಯಾಂಡಿನವರ ಮೇಲೇ ಉಳಿಯಿತು. ಯುರೋಪಿನ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಶೂ ವಿನ್ಯಾಸಕ ಲೂಬುಟಾನ್ ಅಮೆಜಾನ್ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಬೇರೆ ದಾರಿ ಹಿಡಿಯಿತು. ಅಮೆಜಾನ್ ತನ್ನ ಮಾಲು, ಪರರ ಮಾಲು ಎರಡನ್ನೂ ಒಂದೇ ತೆರನಾಗಿ ತೋರಿಸಿ, ತಾನೇ ದಾಸ್ತಾನಿಟ್ಟು ಕಳಿಸಿದರೆ, ಮಾರುತ್ತಿರುವುದು ಅಮೆಜಾನೇ ಎಂದು ಗ್ರಾಹಕರಿಗೆ ಅನಿಸಬಹುದು. ಹಾಗಿದ್ದಲ್ಲಿ ಹೊಣೆ ಅದಕ್ಕೂ ತಟ್ಟಬಹುದು.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2024ರ ಫೆಬ್ರವರಿಯಿಂದ ಪೂರ್ತಿಯಾಗಿ ಜಾರಿಯಾದ ಯುರೋಪಿನ ಡಿಜಿಟಲ್ ಸೇವೆಗಳ ಕಾಯಿದೆ. ದೊಡ್ಡ ತಾಣಗಳು ವ್ಯಾಪಾರಿಯ ಹೆಸರು, ವಿಳಾಸ, ಬ್ಯಾಂಕ್ ಖಾತೆಯ ವಿವರ ಪಡೆಯದೆ ಮಾರಲು ಬಿಡುವಂತಿಲ್ಲ. ಕಾನೂನುಬಾಹಿರ ಮಾಲು ಹೋಗಿದೆಯೆಂದು ತಿಳಿದರೆ, ಹಿಂದಿನ ಆರು ತಿಂಗಳಲ್ಲಿ ಅದನ್ನು ಕೊಂಡವರಿಗೆ ತಿಳಿಸಬೇಕು. ಮೇಲಿಂದ ಮೇಲೆ ತಪ್ಪು ಮಾಡುವವರಿಗೆ ಎಚ್ಚರಿಕೆ ಕೊಟ್ಟು, ಆಮೇಲೂ ತಿದ್ದಿಕೊಳ್ಳದಿದ್ದರೆ ಕೆಲಕಾಲ ಅಮಾನತು ಮಾಡಬೇಕು.

ನಮ್ಮ ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳು ಇದರ ಹತ್ತಿರ ಬಂದು ನಿಂತವು. ಟ್ರೇಡ್‌ಮಾರ್ಕ್ ಕಾಯಿದೆಯಡಿ ಮತ್ತೆ ಮತ್ತೆ ಮಾಲು ತೆಗೆಸಿಕೊಂಡ ಮಾರಾಟಗಾರರ ದಾಖಲೆಯನ್ನು ತಾಣ ಇಡಲು ಪ್ರಯತ್ನಿಸಬೇಕು. ಆದರೆ ಅವರನ್ನು ಹೊರಹಾಕಲೇಬೇಕೆಂದಿಲ್ಲ, ಬೇಕಿದ್ದರೆ ಹಾಕಬಹುದು! ಇದನ್ನು ಮೊದಲು ಓದಿದಾಗ ನನಗೆ ಸಿಟ್ಟೇ ಬಂತು.

ಒಂದು ಆಕ್ಷೇಪಣೆಯನ್ನು ನಾನೂ ಒಪ್ಪುತ್ತೇನೆ. ಅಸಲಿ ಮಾಲನ್ನೇ ಅಗ್ಗಕ್ಕೆ ಮಾರುವವರನ್ನು ಓಡಿಸಲು ಸುಳ್ಳು ದೂರು ಕೊಡುವ ಬ್ರ್ಯಾಂಡುಗಳೂ ಇವೆ. ಅಂಥ ವ್ಯಾಪಾರಿಗಳಿಗೆ ರಕ್ಷಣೆ ಬೇಕು. ಯುರೋಪಿನ ಕಾಯಿದೆ ಅದನ್ನೂ ಮರೆತಿಲ್ಲ: ಬುಡವಿಲ್ಲದ ದೂರನ್ನು ಪದೇಪದೇ ಕೊಡುವವರಿಗೆ ಎಚ್ಚರಿಕೆ ಕೊಟ್ಟು, ಆಮೇಲೆ ಅವರ ದೂರುಗಳ ಪರಿಶೀಲನೆಯನ್ನೇ ಕೆಲಕಾಲ ನಿಲ್ಲಿಸಬೇಕು. ಆ ಕಲಮನ್ನೂ ಜೊತೆಗೆ ತರಲಿ, ನಮ್ಮ ನಿಯಮದಲ್ಲಿ 'ಬಹುದು' ಇರುವಲ್ಲಿ 'ಬೇಕು' ಎಂದು ಬರೆಯಲಿ.