ಬಲಗೈ, ಎಡಗೈ ಮತ್ತು ಒಂದು ಬಟ್ಟೆ ಚೀಲ

ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. 10 ಕೆಜಿಯ ಒಂದು ಅಕ್ಕಿ ಚೀಲ. ಅದನ್ನು ಹಿಡಿದು ನಿಂತವರನ್ನು ಸುಮ್ನೆ ಎಣಿಸಿದೆ. ಕೊಡುವವರು 11 ಜನ, ತೆಗೆದುಕೊಳ್ಳುವವರು ಒಬ್ಬರು. ಹಿಂದಿನ ಸಾಲಿನವರಿಗೆ ಚೀಲ ಎಟುಕಿಲ್ಲ. ಹಾಗಾಗಿ ಮುಂದಿನವರ ಹೆಗಲು ಮುಟ್ಟಿಕೊಂಡಿದ್ದಾರೆ, ಪುಣ್ಯ ಕರೆಂಟಿನ ಹಾಗೆ ಪಾಸಾಗುತ್ತೇನೋ ಅನ್ನುವಂತೆ. ಎಲ್ಲರ ಮುಖದಲ್ಲೂ ನಗು. ತೆಗೆದುಕೊಳ್ಳುವ ಹೆಂಗಸು ಮಾತ್ರ ಅಕ್ಕಿ ಚೀಲವನ್ನೇ ನೋಡುತ್ತಿದ್ದಾರೆ.

ನನಗೂ ನಗು ಬಂತು. ಜಾಸ್ತಿ ಹೊತ್ತು ನಿಲ್ಲಲಿಲ್ಲ. ಯಾಕೆಂದರೆ ಇಂಥದ್ದೇ ಒಂದು ಫೋಟೋ ನನ್ನ ಮೊಬೈಲಿನಲ್ಲೂ ಇದೆ.

2020ರ ಲಾಕ್‌ಡೌನ್. ನಮ್ಮ ಇಗರ್ಜಿಯ (ಚರ್ಚಿನ) ವಾರ್ಡಿನ ಹುಡುಗರು ಸೇರಿ ಕಿಟ್ ಹಂಚಿದ್ದೆವು. ಕುಚ್ಚಲಕ್ಕಿ, ತೊಗರಿಬೇಳೆ, ತೆಂಗಿನೆಣ್ಣೆ, ಚಾಪುಡಿ, ಎರಡು ಸೋಪು. ಗುಡ್ಡೆಯ ಮೇಲಿನ ಮನೆಯೊಂದರಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದರು. "ಅಜ್ಜಿ, ಸ್ವಲ್ಪ ಈ ಕಡೆ ನೋಡಿ" ಅಂದವನು ನಾನೇ. ಮಾಸ್ಕ್ ಕೆಳಗೆ ಎಳೆಯಿರಿ ಅಂತಲೂ ಹೇಳಿದೆ. ಮುಖ ಕಾಣಬೇಕಲ್ಲ! ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸಬೇಕು ಅನ್ನುವುದು ನಮ್ಮ ಸಬೂಬು. ಲೆಕ್ಕಕ್ಕೆ ಅಂಗಡಿ ಬಿಲ್ಲು ಸಾಕಿತ್ತು.

ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ನಮ್ಮೂರಲ್ಲಿ ಎಲ್ಲ ಜಾತಿಯವರೂ ಹೇಳುತ್ತಾರೆ. ಗಾದೆಯೇ ಆಗಿಬಿಟ್ಟಿದೆ. ಈ ಮಾತು ಬೈಬಲ್‌ನಲ್ಲಿ, ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಇದೆ. ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯ ಒಂದು ತುಂಡು ಅದು. ಅದರ ಹಿಂದಿನ ಸಾಲಿನಲ್ಲೇ ಧರ್ಮ ಕೊಡುವಾಗ ತುತೂರಿ ಊದಿಸಬೇಡಿ ಅಂತ ಬರುತ್ತದೆ. ಹಾಗೆ ಊದಿಸುವವರಿಗೆ ಸಿಗಬೇಕಾದ್ದು ಸಿಕ್ಕಿಯಾಯಿತು ಅಂತಾರೆ ಯೇಸು. ಅಂದರೆ ಲೈಕು ಬಂತು, ವ್ಯವಹಾರ ಮುಗೀತು.

ಈ ಮಾತು ಕೇಳಿದಾಗೆಲ್ಲ ನನಗೆ ನೆನಪಾಗುವುದು ಪಪ್ಪನ ಚೀಲ. ಪಪ್ಪನದ್ದಲ್ಲ, ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಅನ್ನುವ ಕ್ರೈಸ್ತರ ಸಂಘದ್ದು. ಭಾನುವಾರ ಮೊದಲ ಪೂಜೆ ಮುಗಿದ ಮೇಲೆ ಇಗರ್ಜಿ ಪಕ್ಕದ ಕೋಣೆಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ಪ್ರಾರ್ಥನೆ, ಹೋದ ವಾರದ ವರದಿ, ಯಾರ ಮನೆಯಲ್ಲಿ ಏನು ಕಷ್ಟ ಅನ್ನುವ ಮಾತು. ಕೊನೆಗೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತಿತ್ತು. ಮುಷ್ಟಿ ಕಟ್ಟಿಯೇ ಕೈ ಒಳಗೆ ಹಾಕಬೇಕು, ಮುಷ್ಟಿ ಕಟ್ಟಿಯೇ ಹೊರಗೆ ತೆಗೆಯಬೇಕು. ಯಾರು ಎಷ್ಟು ಹಾಕಿದರು ಅಂತ ಪಕ್ಕದವನಿಗೂ ಗೊತ್ತಾಗಬಾರದು. ಗುಟ್ಟಿನ ಕಾಣಿಕೆ. ಆ ವಾರ ಜೇಬು ಖಾಲಿ ಇದ್ದವನೂ ಎಲ್ಲರ ಹಾಗೆ ಕೈ ಹಾಕಿ ತೆಗೆಯಬಹುದಿತ್ತು.

ಚಿಕ್ಕವನಿದ್ದಾಗ ನನಗೊಂದು ದೊಡ್ಡ ಡೌಟು. "ಯಾರಾದರೂ ಒಳಗಿಂದ ದುಡ್ಡು ತೆಗೆದುಕೊಂಡರೆ?" ಅಂತ ಕೇಳಿದ್ದೆ. "ತೆಗೆದುಕೊಳ್ಳಲಿ. ಅವನಿಗೂ ಕಷ್ಟ ಇರಬಹುದು" ಅಂದು ಪಪ್ಪ ಪೇಪರಿನ ಪುಟ ತಿರುಗಿಸಿದರು.

ಈ ಸಭೆ ಶುರುವಾದ ಕತೆಯೂ ಚೆನ್ನಾಗಿದೆ. 1833, ಪ್ಯಾರಿಸ್. ಹಿಂದಿನ ವರ್ಷವಷ್ಟೇ ಊರಲ್ಲಿ ಕಾಲರಾ ಬಂದು ಹೋಗಿತ್ತು. ಫ್ರೆಡ್ರಿಕ್ ಓಝನಾಂ ಅನ್ನುವ 20 ವರ್ಷದ ಹುಡುಗ ಕಾಲೇಜು ಚರ್ಚೆಗಳಲ್ಲಿ ತನ್ನ ಧರ್ಮದ ಪರ ಜೋರಾಗಿ ವಾದ ಮಾಡುತ್ತಿದ್ದ. ಎದುರಿನವರು ಕೇಳಿದರಂತೆ: ಹಿಂದೆ ನಿಮ್ಮ ಚರ್ಚು ಏನೇನೋ ಮಾಡಿರಬಹುದು, ಈಗ ಬಡವರಿಗೆ ನೀವು ಏನು ಮಾಡ್ತಿದ್ದೀರಿ? ಉತ್ತರ ಇರಲಿಲ್ಲ. ಓಝನಾಂ ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಹೊರಟ. ಬಡವರ ಕೇರಿಯಲ್ಲೇ ಕೆಲಸ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರಂಡ್ಯು ಅವರಿಗೆ ದಾರಿ ತೋರಿಸಿದರು. ಬಡವರನ್ನು ಕರೆಸಿ ಸಾಲಲ್ಲಿ ನಿಲ್ಲಿಸುವುದಲ್ಲ, ಅವರ ಮನೆಗೇ ಹೋಗುವುದು.

ನನಗೆ ಕೊಡುವುದಕ್ಕಿಂತ ಈ ಹೋಗುವುದೇ ದೊಡ್ಡದು ಅನಿಸುತ್ತದೆ. ಪಪ್ಪ ಯಾವಾಗಲೂ ಜೊತೆಗೊಬ್ಬರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರದ್ದೇ ಕೆಲವು ನಿಯಮಗಳಿದ್ದವು. ಚಾ ಕೊಟ್ಟರೆ ಬೇಡ ಅನ್ನಬಾರದು, ಸಕ್ಕರೆ ಇಲ್ಲದಿದ್ದರೂ. ಚಾಪೆ ಹಾಸಿದರೆ ಕೂತುಕೊಳ್ಳಬೇಕು, ಗಡಿಬಿಡಿ ತೋರಿಸಬಾರದು. ಟಿವಿ ಕಂಡರೆ "ಓಹೋ, ಟಿವಿ ಉಂಟಲ್ಲ" ಅನ್ನಬಾರದು. ಈ ಕೊನೆಯದನ್ನು ಪಾಲಿಸುವುದು ಬಹಳ ಕಷ್ಟ. ನಾನು ಮೊಬೈಲ್ ನೋಡಿ ಒಮ್ಮೆ ಹಾಗೆ ಅಂದಿದ್ದೇನೆ. ಬಡವರ ಮನೆಯಲ್ಲಿ ಯಾವ ಸಾಮಾನು ಇರಬಹುದು, ಯಾವುದು ಇರಬಾರದು ಅಂತ ತೀರ್ಮಾನಿಸುವ ಹಕ್ಕು 10 ಕೆಜಿ ಅಕ್ಕಿ ಕೊಟ್ಟ ತಕ್ಷಣ ನಮಗೆ ಬಂದುಬಿಡುತ್ತದೆ, ಅಲ್ವಾ?

ನಮ್ಮ ಮಂಗಳೂರಿನ ಕಂಕನಾಡಿಯಲ್ಲೂ ಹೀಗೆ ಹತ್ತಿರ ಹೋದ ಒಬ್ಬರಿದ್ದರು. ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್. ಅವರು 1880ರಲ್ಲಿ ಬಡವರಿಗೆ ಹೋಮಿಯೋಪತಿ ಗುಳಿಗೆ ಕೊಡಲು ಶುರು ಮಾಡಿದರು. ಈಗಿನ ದೊಡ್ಡ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು ಅದು. ಹೋಮಿಯೋಪತಿ ಬಗ್ಗೆ ವಾದ ಇದ್ದರೆ ಇನ್ನೊಂದು ದಿನ ಮಾಡೋಣ. ನನಗೆ ಮುಖ್ಯ ಅನಿಸುವುದು 1890. ಆ ವರ್ಷ ಅವರು ಕುಷ್ಠರೋಗಿಗಳಿಗೆ ಅಂತಲೇ ಒಂದು ಆಶ್ರಮ ತೆರೆದರು. ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲ ಅದು. ಆಗ ಅವರಿಗೆ ಅನ್ನಕ್ಕಿಂತ ಮೊದಲು ಬೇಕಾಗಿದ್ದದ್ದು ಪಕ್ಕದಲ್ಲಿ ಒಬ್ಬ ಮನುಷ್ಯ.

ಗೊತ್ತು, ಕಾಮೆಂಟಿನಲ್ಲಿ ಬರುವ ಪ್ರಶ್ನೆ ಯಾವುದು ಅಂತ. "ಇದೆಲ್ಲ ಮತಾಂತರಕ್ಕಲ್ವಾ?" ನೇರವಾಗಿ ಹೇಳುತ್ತೇನೆ. ಅಕ್ಕಿಯ ಜೊತೆ ಷರತ್ತು ಇದ್ದರೆ ಅದು ದಾನವೇ ಅಲ್ಲ, ವ್ಯಾಪಾರ. ಯಾರೇ ಮಾಡಲಿ, ನನಗೆ ಒಪ್ಪಿಗೆ ಇಲ್ಲ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕತೆ ನೋಡಿ. ಕಳ್ಳರು ಹೊಡೆದು ಬಿಸಾಡಿದವನನ್ನು ಅವನು ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದುಕೊಂಡು ಹೋಗುತ್ತಾನೆ. ಎರಡು ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೇನೆ ಅಂತಾನೆ. ಬಿದ್ದಿದ್ದವನು ಯೆಹೂದ್ಯ ಅಂತ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ, ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಆಗಿಬರುತ್ತಿರಲಿಲ್ಲ. ಅವರ ಪೂಜೆ ಜೆರುಸಲೇಮಿನಲ್ಲಿ, ಇವರದ್ದು ಗೆರಿಜೀಮ್ ಬೆಟ್ಟದಲ್ಲಿ. ಗಾಯ ವಾಸಿಯಾದ ಮೇಲೆ ಆ ಮನುಷ್ಯ ಯಾವ ಕಡೆಗೆ ಪೂಜೆಗೆ ಹೋದ? ಕತೆಯಲ್ಲಿ ಇಲ್ಲ. ಆ ಲೆಕ್ಕವೇ ಅಲ್ಲಿಲ್ಲ.

ಹಾಗಂತ ಕ್ರೈಸ್ತರೆಲ್ಲ ಮಹಾ ಧರ್ಮಾತ್ಮರು ಅಂತಲ್ಲ. ಮೊಟ್ಟಮೊದಲ ಕ್ರೈಸ್ತರ ನಡುವೆಯೇ ರೇಷನ್ ಜಗಳ ಆಗಿತ್ತು! ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದು, ಅದನ್ನು ನೋಡಿಕೊಳ್ಳಲು ಏಳು ಜನರನ್ನು ನೇಮಿಸಬೇಕಾಯಿತು. ಬೈಬಲ್‌ನ ಪ್ರೇಷಿತರ ಕಾರ್ಯಕಲಾಪಗಳು ಅನ್ನುವ ಪುಸ್ತಕ, 6ನೇ ಅಧ್ಯಾಯ. ನಮ್ಮ ವಾರ್ಡ್ ಮೀಟಿಂಗಿನಲ್ಲಿ ಗಲಾಟೆ ಆದಾಗೆಲ್ಲ ನನಗೆ ಇದು ಸಮಾಧಾನ ಕೊಡುತ್ತದೆ.

ಪಪ್ಪ ಹೋದ ಮೇಲೆ ಅವರ ಜಾಗದಲ್ಲಿ ನಾನು ಸಭೆಗೆ ಹೋಗುತ್ತಿದ್ದೇನೆ. ಹೋದ ವರ್ಷ ನನಗೂ ಜೊತೆಗಾರನಿಗೂ ಸಿಕ್ಕಿದ ಮನೆಗಳಲ್ಲಿ ಆ ಗುಡ್ಡೆಯ ಮನೆಯೂ ಒಂದು. ಮೊಬೈಲನ್ನು ಬೈಕಿನ ಡಿಕ್ಕಿಯಲ್ಲೇ ಬಿಟ್ಟು ಹತ್ತಿದೆ. ಅಜ್ಜಿ ನನ್ನ ಗುರುತು ಹಿಡಿದರು. ಕೂತುಕೊಳ್ಳಿ ಅಂತ ಹೇಳಿ ಒಳಗೆ ಹೋದವರು ಬರುವಾಗ ಬಹಳ ಹೊತ್ತಾಯಿತು. ಚಾ ಮಾಡ್ತಿದ್ದಾರೆ ಅಂದುಕೊಂಡೆ.

ಬಂದಾಗ ಬೇರೆ ಸೀರೆ ಉಟ್ಟಿದ್ದರು. ತಲೆ ಬಾಚಿಕೊಂಡಿದ್ದರು. ಅಂಗಳಕ್ಕೆ ಇಳಿದು, ಅವತ್ತು ನಾನು ನಿಲ್ಲಿಸಿದ ಜಾಗದಲ್ಲೇ ನಿಂತರು.

"ಇಲ್ಲಿಯೇ ಅಲ್ವಾ ಮಗಾ?"